ಮನೆಯ ಭಂಡಾರ, ಬೀದಿಯ ತಂತಿ

ನ್ಯಾಯಬೆಲೆ ಅಂಗಡಿಯ ಮುಂದೆ ಚೀಲ ಹಿಡಿದು ನಿಂತವರಿಗೂ, ನಾಡಕಚೇರಿಯಲ್ಲಿ ಪ್ರಮಾಣಪತ್ರಕ್ಕಾಗಿ ಕಾದವರಿಗೂ ‘ಸರ್ವರ್’ ಎಂಬ ಶಬ್ದ ಈಗ ಅಪರಿಚಿತವಾಗಿ ಉಳಿದಿಲ್ಲ. ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂಬ ಮಾತು ಕೇಳಿ ಮರಳಿ ಬರದ ಗೃಹಸ್ಥರು ವಿರಳ. ಆದರೆ ಆ ಸರ್ವರ್ ಎಂಬುದು ಏನು, ಎಲ್ಲಿರುತ್ತದೆ ಎಂದು ವಿಚಾರಿಸಿದವರು ಇನ್ನೂ ವಿರಳ. ಆಂಗ್ಲ ಭಾಷೆಯಲ್ಲಿ ಆ ಪದಕ್ಕೆ ಸೇವೆ ಸಲ್ಲಿಸುವುದು, ಪಂಕ್ತಿಯಲ್ಲಿ ಬಡಿಸುವುದು ಎಂದು ಅರ್ಥ. ದೂರದಿಂದ ಕೇಳಿದವರಿಗೆ ಅವರು ಕೇಳಿದ ಕಡತವನ್ನು ಬಡಿಸುತ್ತ ಹಗಲಿರುಳು ಎಚ್ಚರವಾಗಿರುವ ಗಣಕಯಂತ್ರವೇ ಸರ್ವರ್. ಅದು ಹವಾನಿಯಂತ್ರಿತ ಸೌಧದಲ್ಲಿಯೇ ಇರಬೇಕೆಂಬ ನಿಯಮವೇನೂ ಇಲ್ಲ. ನಡುಮನೆಯ ಗೂಡಿನಲ್ಲಿ ಕುಳಿತರೂ ಅದು ಸರ್ವರೇ.

ಹೊಸಪೇಟೆಯ ಸದ್ಭಕ್ತರೊಬ್ಬರು ಈಚೆಗೆ ನಮಗೆ ಪತ್ರ ಬರೆದು ಈ ವಿಷಯವನ್ನೇ ಪ್ರಸ್ತಾಪಿಸಿದ್ದಾರೆ. ಅವರ ಲಿಂಗೈಕ್ಯ ತಂದೆಯವರು ಆಯುಷ್ಯವಿಡೀ ತತ್ತ್ವಪದ, ಭಜನೆಯ ಹಾಡು, ಪುರಾಣದ ಪದ್ಯಗಳನ್ನು ಸ್ವಹಸ್ತದಿಂದ ನಕಲು ಮಾಡಿಟ್ಟ ನೋಟುಪುಸ್ತಕಗಳು ಒಂದು ಟ್ರಂಕಿನ ತುಂಬ ಇವೆ. ತಾಯಿಯವರು ಕಂಪ್ಲಿಯ ತವರುಮನೆಯಲ್ಲಿ ಕಲಿತು ಹಾಡಿದ ಸೋಬಾನೆ ಪದಗಳು ಹನ್ನೆರಡು ಕ್ಯಾಸೆಟ್ಟುಗಳಲ್ಲಿವೆ. ನೋಟುಪುಸ್ತಕಗಳನ್ನೆಲ್ಲ ಮಗ ಸ್ಕ್ಯಾನ್ ಮಾಡಿದ್ದಾನೆ. ಕ್ಯಾಸೆಟ್ಟುಗಳಲ್ಲಿ ಐದು ಮಾತ್ರ ಗಣಕಯಂತ್ರಕ್ಕೆ ಇಳಿದಿವೆ. ಇಷ್ಟಕ್ಕೇ ಸುಮಾರು 40 ಜಿಬಿ ಆಗಿದೆ. ಸಂಡೂರಿನಲ್ಲಿ ಕೊಟ್ಟ ಮಗಳು, ಕಂಪ್ಲಿಯ ಸೋದರಮಾವನ ಮಕ್ಕಳು, ವಿದೇಶದಲ್ಲಿರುವ ಮೊಮ್ಮಗಳು, ಎಲ್ಲರಿಗೂ ಇದು ಬೇಕು. ‘ಹಳೆಯ ಗಣಕಯಂತ್ರವನ್ನು ಮನೆಯಲ್ಲಿಯೇ ಸದಾ ಚಾಲೂ ಇಟ್ಟರೆ, ನಮ್ಮ ಮನೆಗೆ ಬಂದಿರುವ ಫೈಬರ್ ತಂತಿಯ ಮೂಲಕವೇ ಎಲ್ಲರೂ ತೆಗೆದುಕೊಳ್ಳಬಹುದು, ಯಾರಿಗೂ ಬಾಡಿಗೆ ಕೊಡಬೇಕಾಗಿಲ್ಲ’ ಎಂದು ಮಗ ಹೇಳುತ್ತಾನಂತೆ. ‘ಇದು ಆಗುವ ಮಾತೆ? ಬೀದಿಬಾಗಿಲನ್ನು ರಾತ್ರಿಯೆಲ್ಲ ತೆರೆದಿಟ್ಟಂತೆ ಆಗುವುದಿಲ್ಲವೆ?’ ಎಂಬುದು ತಂದೆಯವರ ಪ್ರಶ್ನೆ.

ನಾವು ತಾಡೋಲೆಯ ಕಟ್ಟುಗಳ ನಡುವೆ ಬೆಳೆದವರು. ಆದಕಾರಣ ಈ ವಿದ್ಯೆಯನ್ನು ಬಲ್ಲ ಕಿರಿಯರನ್ನು ಕೂರಿಸಿಕೊಂಡು, ಕೇಳಿ, ಮತ್ತೆ ಕೇಳಿ, ಅರಿತುಕೊಂಡ ಮೇಲೆ ಬರೆಯುತ್ತಿದ್ದೇವೆ. ಮಗ ಹೇಳುವುದು ಆಗುವ ಮಾತು. ತಂದೆಯವರ ಅಂಜಿಕೆಯೂ ಅಕಾರಣವಲ್ಲ.

ಮೊದಲು, ಇಂಥ ಸಾಮಗ್ರಿಯನ್ನು ಪರರ ಭಂಡಾರದಲ್ಲಿಟ್ಟು ನಿಶ್ಚಿಂತರಾಗಿರಬಾರದೇಕೆ ಎಂಬುದನ್ನು ನೋಡೋಣ. ಯಾಹೂ ಸಂಸ್ಥೆಯ ಜಿಯೋಸಿಟೀಸ್ ಎಂಬಲ್ಲಿ ಲಕ್ಷಾಂತರ ಜನ ಉಚಿತವಾಗಿ ಪುಟಗಳನ್ನು ಇಟ್ಟಿದ್ದರು. 2009ರಲ್ಲಿ ಅದು ಮುಚ್ಚಿತು. ಅದೇ ಸಂಸ್ಥೆಯ ಯಾಹೂ ಗ್ರೂಪ್ಸ್ 2020ರಲ್ಲಿ ಕೊನೆಗೊಂಡಿತು. ಗೂಗಲ್ ಫೋಟೋಸ್‌ನಲ್ಲಿ ಎಷ್ಟಾದರೂ ಚಿತ್ರಗಳನ್ನು ಬಿಟ್ಟಿಯಾಗಿ ಇಡಬಹುದಾಗಿದ್ದ ಸೌಲಭ್ಯ 2021ರ ಜೂನ್ 1ಕ್ಕೆ ನಿಂತಿತು. ನಮ್ಮ ನಾಡಿನದೇ ಉದಾಹರಣೆ ಬೇಕೆಂದರೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಕೇಂದ್ರವಾಗಿಟ್ಟುಕೊಂಡು ನಡೆದ ಭಾರತೀಯ ಡಿಜಿಟಲ್ ಗ್ರಂಥಾಲಯ ಎಂಬ ಮಹತ್ಕಾರ್ಯವಿದೆ. ಅಲಭ್ಯವಾಗಿದ್ದ ಎಷ್ಟೋ ಕನ್ನಡ ಗ್ರಂಥಗಳು ಅದರಿಂದಾಗಿ ಮನೆಯಲ್ಲಿ ಕುಳಿತವರ ಕೈಗೆ ಬಂದವು. ಹಕ್ಕುಸ್ವಾಮ್ಯದ ಪ್ರಶ್ನೆಗಳೆದ್ದು 2017ರಲ್ಲಿ ಅದರ ತಾಣ ಸಾರ್ವಜನಿಕರಿಗೆ ಮುಚ್ಚಿತು. ಆ ಗ್ರಂಥಗಳು ಇಂದಿಗೂ ಓದಲು ಸಿಗುತ್ತಿದ್ದರೆ, ಮುಚ್ಚುವ ಮೊದಲೇ ಲಕ್ಷಾಂತರ ಗ್ರಂಥಗಳ ಪ್ರತಿಗಳನ್ನು ಅಮೆರಿಕೆಯ ಇಂಟರ್ನೆಟ್ ಆರ್ಕೈವ್ ಸಂಸ್ಥೆಯಲ್ಲಿ ತೆಗೆದಿಟ್ಟಿದ್ದ ಪುಣ್ಯವಂತರು ಕಾರಣ. ಆ ಆರ್ಕೈವ್ ಕೂಡ 2024ರ ಅಕ್ಟೋಬರಿನಲ್ಲಿ ಕಿಡಿಗೇಡಿಗಳ ಆಕ್ರಮಣಕ್ಕೆ ತುತ್ತಾಗಿ ಕೆಲವು ದಿನ ಸ್ತಬ್ಧವಾಗಿತ್ತು. ಹೀಗಾಗಿ ಯಾವ ಭಂಡಾರವೂ ಒಂಟಿಯಾಗಿ ನಂಬಿಕೆಗೆ ಅರ್ಹವಲ್ಲ.

ಇದು ನಮ್ಮ ಪ್ರಾಂತಕ್ಕೆ ಹೊಸದಾಗಿ ಹೇಳಿಕೊಡಬೇಕಾದ ವಿಷಯವೂ ಅಲ್ಲ. ಪ್ರೌಢದೇವರಾಯನ ಕಾಲದಲ್ಲಿ, ಅಂದರೆ 1424ರಿಂದ 1446ರ ಅವಧಿಯಲ್ಲಿ, ಲಕ್ಕಣ ದಂಡೇಶ, ಜಕ್ಕಣಾರ್ಯ ಮೊದಲಾದವರ ಆಶ್ರಯದಲ್ಲಿ ಇದೇ ಹಂಪಿಯ ನೆಲದಲ್ಲಿ ಶರಣಸಾಹಿತ್ಯದ ಸಂಗ್ರಹ, ಸಂಕಲನಗಳು ನಡೆದವು. ನೂರೊಂದು ವಿರಕ್ತರ ಕಥೆಯನ್ನು ಪರಂಪರೆ ಇಂದಿಗೂ ಹೇಳುತ್ತದೆ. 1565ರಲ್ಲಿ ಆ ಮಹಾನಗರ ಹಾಳಾಯಿತು. ಓಲೆಗಳೆಲ್ಲ ಹಂಪಿಯ ಒಂದೇ ಕಟ್ಟಡದಲ್ಲಿದ್ದಿದ್ದರೆ ನಮಗೆ ಏನು ಉಳಿಯುತ್ತಿತ್ತು? ಊರೂರಿನ ಮಠಗಳಲ್ಲಿ, ಭಕ್ತರ ಮನೆಗಳ ಜಗುಲಿಯ ಮೇಲೆ ಪ್ರತಿಗೆ ಪ್ರತಿ ಇದ್ದುದರಿಂದಲೇ ಮುಂದೆ ಪೂಜ್ಯ ಫ.ಗು. ಹಳಕಟ್ಟಿಯವರು ಮನೆಮನೆ ಅಲೆದು ಅವುಗಳನ್ನು ಕೂಡಿಸುವುದು ಸಾಧ್ಯವಾಯಿತು. ಅವರಾದರೂ ಕೂಡಿಸಿದ್ದನ್ನು ಪರರ ಮುದ್ರಣಾಲಯಗಳ ದಾಕ್ಷಿಣ್ಯಕ್ಕೆ ಬಿಡದೆ, 1925ರಲ್ಲಿ ವಿಜಯಪುರದಲ್ಲಿ ತಾವೇ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು; ಮರುವರ್ಷ ‘ಶಿವಾನುಭವ’ ಪತ್ರಿಕೆ ಅಲ್ಲಿಂದ ಹೊರಟಿತು. ಹೊಸಪೇಟೆಯ ಈ ಹುಡುಗ ತನ್ನ ಮನೆಯಲ್ಲಿ ಮಾಡಹೊರಟಿರುವುದು ಅದರದೇ ಒಂದು ಅತಿ ಕಿರಿಯ ರೂಪವೆಂದು ನಮಗೆ ತೋರುತ್ತದೆ. ಆದುದರಿಂದ ಅವನಿಗೆ ನಮ್ಮ ಮೊದಲ ಮಾತು ಪ್ರೋತ್ಸಾಹದ್ದು.

ಇನ್ನು ತೊಡಕುಗಳು. ಮನೆಗೆ ಬರುವ ಅಂತರ್ಜಾಲದ ತಂತಿಯ ಸ್ವಭಾವವನ್ನು ಅರಿಯಬೇಕಾದರೆ ನಮ್ಮ ಕಾಲುವೆಗಳನ್ನು ನೆನೆದರೆ ಸಾಕು. ರಾಯ ಕಾಲುವೆ, ಬಸವಣ್ಣ ಕಾಲುವೆಗಳಲ್ಲಿ ನೀರು ಮೇಲಿನಿಂದ ತೂಬಿಗೆ, ತೂಬಿನಿಂದ ಗದ್ದೆಗೆ ಇಳಿಯುತ್ತದೆ. ಗದ್ದೆಯಿಂದ ಮೇಲಕ್ಕೆ ನೀರು ಕಳಿಸುವ ರೈತನನ್ನು ಕಾಲುವೆ ಕಟ್ಟಿದವರು ಕಲ್ಪಿಸಿಕೊಂಡಿರಲಿಲ್ಲ. ಅಂತರ್ಜಾಲದ ತಂತಿಯನ್ನು ಎಳೆದವರೂ ಗೃಹಸ್ಥರು ಚಿತ್ರ ನೋಡುವರು, ಸುದ್ದಿ ಓದುವರು, ಪಡೆಯುವರು ಎಂದೇ ಲೆಕ್ಕ ಹಾಕಿದರು. ಕೊಡುವ ಗೃಹಸ್ಥ ಅವರ ಲೆಕ್ಕದಲ್ಲಿ ಅಪವಾದ. ಹಿಂದೆ ದೂರವಾಣಿಯ ತಾಮ್ರದ ತಂತಿಯಲ್ಲಿ ಬರುತ್ತಿದ್ದ ಬ್ರಾಡ್‌ಬ್ಯಾಂಡಿನಲ್ಲಂತೂ ಇಳಿಯುವ ವೇಗದ ಒಂದು ಸಣ್ಣ ಪಾಲು ಮಾತ್ರ ಏರುವ ವೇಗವಾಗಿರುತ್ತಿತ್ತು. ಈಗ ಬೀದಿಬೀದಿಗೆ ಬಂದಿರುವ ಫೈಬರಿನಲ್ಲಿ ಪರಿಸ್ಥಿತಿ ಬಹಳ ಸುಧಾರಿಸಿದೆ. ಆದರೂ ಬಹುವಾಗಿ ಬಳಕೆಯಲ್ಲಿರುವ ಜಿಪಾನ್ ಎಂಬ ಪದ್ಧತಿಯಲ್ಲಿ ಒಂದು ಎಳೆಗೆ ಇಳಿಮುಖವಾಗಿ ಸೆಕೆಂಡಿಗೆ ಸುಮಾರು 2.5 ಗಿಗಾಬಿಟ್, ಏರುಮುಖವಾಗಿ ಅದರ ಅರ್ಧ, ಅಂದರೆ ಸುಮಾರು 1.25 ಗಿಗಾಬಿಟ್ ಸಾಮರ್ಥ್ಯ. ಆ ಒಂದು ಎಳೆಯನ್ನು 32 ಅಥವಾ 64 ಮನೆಗಳು ಹಂಚಿಕೊಳ್ಳುವುದು ವಾಡಿಕೆ.

ಲೆಕ್ಕವನ್ನು ಕಾಗದದ ಮೇಲೆ ಮಾಡಿ ನೋಡಿದರೆ ವಿಷಯ ನಿಚ್ಚಳವಾಗುತ್ತದೆ. ಕಂಪನಿಯವರು ವೇಗವನ್ನು ಬಿಟ್‌ಗಳಲ್ಲಿ ಹೇಳುತ್ತಾರೆ, ಕಡತದ ಗಾತ್ರ ಬೈಟ್‌ಗಳಲ್ಲಿರುತ್ತದೆ. ಎಂಟು ಬಿಟ್‌ಗೆ ಒಂದು ಬೈಟ್. ಆದ್ದರಿಂದ ಏರುವ ವೇಗ 10 ಮೆಗಾಬಿಟ್ ಇದ್ದರೆ ಸೆಕೆಂಡಿಗೆ ಹೊರಗೆ ಹೋಗುವುದು ಹೆಚ್ಚೆಂದರೆ 1.25 ಎಂಬಿ. ಸ್ಕ್ಯಾನ್ ಮಾಡಿದ ಒಂದು ನೋಟುಪುಸ್ತಕ 50 ಎಂಬಿ ಎಂದುಕೊಂಡರೆ, ಒಬ್ಬರು ತೆಗೆದುಕೊಳ್ಳಲು 40 ಸೆಕೆಂಡು ಸಾಕು. ಹತ್ತು ಜನ ಒಮ್ಮೆಲೇ ಕೇಳಿದರೆ ಪ್ರತಿಯೊಬ್ಬರೂ ಆರೇಳು ನಿಮಿಷ ಕಾಯಬೇಕು. ಜಾತ್ರೆಯ ದಿನ ಯಾರೋ ಊರಿಗೆಲ್ಲ ಹೇಳಿ ನೂರು ಜನ ಕೇಳಿದರೆಂದರೆ ಒಂದು ಗಂಟೆಗೂ ಮಿಕ್ಕಿ. ಆ ಹೊತ್ತಿನಲ್ಲಿ ಮನೆಯವರಿಗೇ ಒಂದು ವಿಡಿಯೋ ಕರೆ ಮಾಡಲು ದಾರಿ ಇರುವುದಿಲ್ಲ. ಮೊಮ್ಮಗಳು 40 ಜಿಬಿಯನ್ನೂ ಒಟ್ಟಿಗೆ ಬೇಡಿದರೆ ಸುಮಾರು ಒಂಬತ್ತು ಗಂಟೆ. ಏರುವ ವೇಗ 50 ಮೆಗಾಬಿಟ್ ಇದ್ದರೆ ಎರಡು ಗಂಟೆಯೊಳಗೆ. ಇದೇ ಕೆಲಸಕ್ಕೆ, ಏರುಮುಖವಾಗಿ ಅರ್ಧ ಮೆಗಾಬಿಟ್ ಇದ್ದ ಹಳೆಯ ತಾಮ್ರದ ತಂತಿಯಲ್ಲಿ ಒಂದು ವಾರ ಹಿಡಿಯುತ್ತಿತ್ತು. ಆದುದರಿಂದ ಯೋಜನೆಯನ್ನು ಆರಿಸುವಾಗ ಇಳಿಯುವ ವೇಗವನ್ನಷ್ಟೇ ನೋಡದೆ, ಏರುವ ವೇಗವೆಷ್ಟು ಎಂದು ಲಿಖಿತವಾಗಿ ಕೇಳಬೇಕು. ‘ಅನಿಯಮಿತ’ ಎಂದು ಬರೆದಿರುವ ಹಲವು ಯೋಜನೆಗಳಲ್ಲಿ ತಿಂಗಳಿಗೆ ಸುಮಾರು 3300 ಜಿಬಿಯ ಮಿತಿ ಇರುವುದನ್ನೂ, ಹೊರಗೆ ಕಳಿಸಿದ್ದು ಅದರಲ್ಲಿ ಸೇರುವುದೇ ಎಂಬುದನ್ನೂ ಸಣ್ಣಕ್ಷರಗಳಲ್ಲಿ ಹುಡುಕಿ ಓದಬೇಕು. ಕೆಲವು ಕರಾರುಗಳಲ್ಲಿ ಮನೆಯ ಸಂಪರ್ಕದ ಮೇಲೆ ಸರ್ವರ್ ನಡೆಸಕೂಡದೆಂಬ ಷರತ್ತೇ ಇರುತ್ತದೆ. ಷರತ್ತು ಇದ್ದರೆ ಅದನ್ನು ಮೀರುವ ಉಪಾಯವನ್ನು ನಾವು ಹೇಳಿಕೊಡಲಾರೆವು. ಬೇರೆ ಕಂಪನಿಯನ್ನು ನೋಡುವುದು ಲೇಸು.

ವೇಗಕ್ಕಿಂತ ದೊಡ್ಡ ತೊಡಕು ವಿಳಾಸದ್ದು. ಅಂಚೆಯವನಿಗೆ ಮನೆಯ ನಂಬರು ಬೇಕಾದಂತೆ ಅಂತರ್ಜಾಲದಲ್ಲಿಯೂ ಪ್ರತಿ ಸಂಪರ್ಕಕ್ಕೆ ಒಂದು ಅಂಕಿಯ ವಿಳಾಸವಿರಬೇಕು. ಹಳೆಯ ಪದ್ಧತಿಯಲ್ಲಿ ಇಂಥ ವಿಳಾಸಗಳು ಒಟ್ಟು ಸುಮಾರು 429 ಕೋಟಿ ಮಾತ್ರ. ಜಗತ್ತಿನ ಜನಸಂಖ್ಯೆಯೇ 800 ಕೋಟಿಯನ್ನು ದಾಟಿದೆ. ಏಷ್ಯಾ-ಪೆಸಿಫಿಕ್ ಭಾಗಕ್ಕೆ ವಿಳಾಸ ಹಂಚುವ ಸಂಸ್ಥೆಯ ಬಳಿ 2011ರ ಏಪ್ರಿಲ್ ಹೊತ್ತಿಗೇ ದಾಸ್ತಾನು ತಳ ಕಂಡಿತ್ತು. ಅಂದಿನಿಂದ ಅನೇಕ ಕಂಪನಿಗಳು ನೂರಾರು ಮನೆಗಳನ್ನು ಒಂದೇ ವಿಳಾಸದ ಹಿಂದೆ ಕೂರಿಸುತ್ತ ಬಂದಿವೆ. ಒಂದೇ ಹೆಬ್ಬಾಗಿಲಿನ ದೊಡ್ಡ ವಠಾರವನ್ನು ಊಹಿಸಿಕೊಳ್ಳಿರಿ. ಒಳಗಿನವರು ಹೊರಗೆ ಪತ್ರ ಬರೆದರೆ ಉತ್ತರ ಸರಿಯಾಗಿ ಬರುತ್ತದೆ. ಹೊರಗಿನವರು ತಾವಾಗಿಯೇ ಬಂದು ಕೇಳಿದರೆ, ಯಾವ ಮನೆಯೆಂದು ಹೇಳುವವರು ಬಾಗಿಲಲ್ಲಿ ಇಲ್ಲ. ತಮ್ಮ ಸಂಪರ್ಕ ಹೀಗಿದೆಯೇ ಎಂದು ತಿಳಿಯುವುದು ಸುಲಭ: ಮನೆಯ ರೂಟರಿನ ಪುಟದಲ್ಲಿ ಹೊರಗಿನ ವಿಳಾಸ ಎಂದು ತೋರಿಸುವ ಅಂಕಿ 100.64ರಿಂದ 100.127ರ ಒಳಗೆ ಆರಂಭವಾಗುತ್ತಿದ್ದರೆ ತಾವು ವಠಾರದವರು. ಬೇರೆ ಬಗೆಯ ಅಂಕಿ ಇದ್ದರೂ, ಅದು ಹೊರಗಿನ ತಾಣಗಳು ತೋರಿಸುವ ತಮ್ಮ ವಿಳಾಸಕ್ಕೆ ಹೊಂದದಿದ್ದರೆ ಅದೇ ಗತಿ.

ಇದಕ್ಕೆ ಪರಿಹಾರಗಳಿವೆ. ಹೆಚ್ಚಿನ ಶುಲ್ಕ ತೆತ್ತರೆ ಕೆಲವು ಕಂಪನಿಗಳು ಸ್ಥಿರವಾದ ಸ್ವಂತ ವಿಳಾಸವನ್ನು ಕೊಡುತ್ತವೆ. ಸ್ವಂತದ್ದಾಗಿಯೂ ಆಗಾಗ ಬದಲಾಗುವ ವಿಳಾಸವಾದರೆ, ಬದಲಾದಾಗಲೆಲ್ಲ ಹೊಸ ಅಂಕಿಯನ್ನು ಒಂದು ಹೆಸರಿಗೆ ತಗುಲಿಸಿ ಇಡುವ ಸೇವೆಗಳಿವೆ. ಐಪಿವಿ6 ಎಂಬ ಹೊಸ ಪದ್ಧತಿಯಲ್ಲಿ ವಿಳಾಸಗಳಿಗೆ ಬರವೇ ಇಲ್ಲ, ಅದರ ಬಳಕೆಯಲ್ಲಿ ಭಾರತ ಜಗತ್ತಿನ ಮುಂಚೂಣಿಯ ದೇಶಗಳಲ್ಲೊಂದು. ಆದರೆ ಕೇಳುವವರ ಕಡೆಯೂ ಅದು ಇರಬೇಕಾಗುತ್ತದೆ. ಇವೆಲ್ಲಕ್ಕಿಂತ ನಮಗೆ ಮೆಚ್ಚುಗೆಯಾದ ಉಪಾಯ ಬೇರೊಂದಿದೆ. ಬಾಗಿಲನ್ನು ಹೊರಗಿನಿಂದ ತೆರೆಯುವ ಗೊಡವೆಗೆ ಹೋಗದೆ, ಬಂಧುಗಳ ಯಂತ್ರಗಳು ಪರಸ್ಪರ ಗುರುತು ಹೇಳಿಕೊಂಡು, ಎಲ್ಲರೂ ಒಳಗಿನಿಂದಲೇ ಹೊರಟು ನಡುವೆ ಕೂಡುವ ವ್ಯವಸ್ಥೆ ಅದು. ವೈರ್‌ಗಾರ್ಡ್ ಆಧಾರಿತ ಖಾಸಗಿ ಸುರಂಗಗಳು, ಸಿಂಕ್‌ಥಿಂಗ್ ಎಂಬ ಉಚಿತ ತಂತ್ರಾಂಶ ಇದಕ್ಕಾಗಿಯೇ ಇವೆ. ವಠಾರದ ಮನೆಯವರಿಗೂ ಇದು ಒದಗುತ್ತದೆ. ಅಪರಿಚಿತನಿಗೆ ಇಲ್ಲಿ ಬಡಿಯಲು ಬಾಗಿಲೇ ಕಾಣಿಸದು.

ಅಪರಿಚಿತರ ಮಾತು ಬಂದುದರಿಂದ ತಂದೆಯವರ ಅಂಜಿಕೆಗೆ ಈಗ ಉತ್ತರಿಸಬೇಕು. ಬಾಗಿಲು ತೆರೆದರೆ ಯಾರು ಬರುತ್ತಾರೆ? ‘ನಮ್ಮಂಥ ಬಡವರ ಮನೆಗೆ ಯಾವ ಕಳ್ಳ’ ಎಂಬ ಸಮಾಧಾನ ಇಲ್ಲಿ ಸಲ್ಲದು. ಹಳೆಯ ಪದ್ಧತಿಯ ಅಷ್ಟೂ ಕೋಟಿ ವಿಳಾಸಗಳ ಕದವನ್ನು ಒಂದೇ ಗಣಕಯಂತ್ರದಿಂದ ಮುಕ್ಕಾಲು ಗಂಟೆಯೊಳಗೆ ಬಡಿದು ನೋಡಬಹುದೆಂದು ಅಮೆರಿಕೆಯ ಮಿಷಿಗನ್ ವಿಶ್ವವಿದ್ಯಾಲಯದವರು 2013ರಲ್ಲಿಯೇ ಮಾಡಿ ತೋರಿಸಿದರು. ಕಳ್ಳನು ಮನೆಯನ್ನು ಆರಿಸುವುದಿಲ್ಲ. ಅವನ ಯಂತ್ರವು ಎಲ್ಲ ಮನೆಗಳನ್ನೂ ತಟ್ಟುತ್ತ ಹೋಗುತ್ತದೆ. ಮನೆಯಲ್ಲಿ ಕಡತ ಇಡಲೆಂದೇ ಮಾರಲಾಗುತ್ತಿದ್ದ ಮೈ ಬುಕ್ ಲೈವ್ ಎಂಬ ಪೆಟ್ಟಿಗೆಗಳು 2021ರ ಜೂನ್ ತಿಂಗಳಲ್ಲಿ ದೂರದಿಂದಲೇ ಬಂದ ಆಜ್ಞೆಗೆ ಓಗೊಟ್ಟು ತಮ್ಮೊಳಗಿನದನ್ನೆಲ್ಲ ಅಳಿಸಿಹಾಕಿದವು. ತಯಾರಕರು 2015ರ ನಂತರ ಅವುಗಳಿಗೆ ತಂತ್ರಾಂಶದ ದುರಸ್ತಿಯನ್ನೇ ಕೊಟ್ಟಿರಲಿಲ್ಲ. 2022ರ ಜನವರಿಯಲ್ಲಿ ಕ್ಯೂನ್ಯಾಪ್ ಎಂಬ ಇನ್ನೊಂದು ಬಗೆಯ ಪೆಟ್ಟಿಗೆಗಳನ್ನು ಡೆಡ್‌ಬೋಲ್ಟ್ ಎಂಬ ದುಷ್ಟ ತಂತ್ರಾಂಶ ಹೊಕ್ಕು, ಸಾವಿರಾರು ಜನರ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಕಾಲಕಾಲಕ್ಕೆ ತಂತ್ರಾಂಶವನ್ನು ನವೀಕರಿಸುವ ವ್ಯವಧಾನ ಇಲ್ಲದ ಮನೆಯವರು ಹೊರಗಿನವರಿಗೆ ಬಾಗಿಲು ತೆರೆಯಲೇಬಾರದು. ಈ ಮಾತಿನಲ್ಲಿ ನಾವು ತಂದೆಯವರ ಪಕ್ಷ.

ವಿದ್ಯುತ್ತಿನ ವಿಚಾರ. ಅಂಗೈ ಅಗಲದ ರಾಸ್ಪ್‌ಬೆರಿ ಪೈ ಎಂಬ ಯಂತ್ರಕ್ಕೆ ಸುಮಾರು 5 ವ್ಯಾಟ್ ಸಾಕು. ತಿಂಗಳಿಡೀ ಉರಿದರೂ ನಾಲ್ಕು ಯೂನಿಟ್ ಆಗದು. ಮೂಲೆಯಲ್ಲಿರುವ ಹಳೆಯ ಡೆಸ್ಕ್‌ಟಾಪ್ 80 ವ್ಯಾಟ್ ಎಳೆದರೆ ತಿಂಗಳಿಗೆ 57 ಯೂನಿಟ್ ದಾಟುತ್ತದೆ. 2023ರಲ್ಲಿ ಬಂದ ಗೃಹಜ್ಯೋತಿಯ ಮಿತಿ ಹಿಂದಿನ ಬಳಕೆಯ ಸರಾಸರಿಯ ಮೇಲೆ ನಿಂತಿರುವುದರಿಂದ, ಈ 57 ಯೂನಿಟ್ ಜೆಸ್ಕಾಂ ಬಿಲ್ಲಿನಲ್ಲಿ ಮನೆಯೊಡತಿಯ ಕಣ್ಣಿಗೆ ಬೀಳದೆ ಇರದು. ‘ಹಳೆಯ ಯಂತ್ರ ಬಿಟ್ಟಿ’ ಎಂಬ ಮಗನ ಲೆಕ್ಕ ಇಲ್ಲಿ ಸ್ವಲ್ಪ ತಪ್ಪಿದೆ.

ವೈಶಾಖದ ಗಾಳಿಮಳೆಗೆ ಕರೆಂಟು ಹೋಗುವುದು ನಮ್ಮ ಕಡೆ ಯಾರಿಗೂ ಹೇಳಬೇಕಾದ ವಿಷಯವಲ್ಲ. ಬರೆಯುತ್ತಿರುವಾಗಲೇ ಕರೆಂಟು ಹೋದರೆ ಡಿಸ್ಕಿನ ಕಡತಗಳು ಕೆಡುವ ಸಂಭವವಿದೆ, ಸಣ್ಣ ಮೆಮೊರಿ ಕಾರ್ಡುಗಳಂತೂ ಬೇಗ ಕೆಡುತ್ತವೆ. ಯುಪಿಎಸ್ ಬೇಕೇ ಬೇಕು. ಅದರಿಂದ ಗಣಕಯಂತ್ರಕ್ಕೆ ಮಾತ್ರವಲ್ಲದೆ ರೂಟರಿಗೂ, ಗೋಡೆಯ ಮೇಲಿನ ಫೈಬರ್ ಪೆಟ್ಟಿಗೆಗೂ ತಂತಿ ಹೋಗಬೇಕು. ಸಂಡೂರಿನಲ್ಲಿರುವ ಮಗಳ ಮನೆಯಲ್ಲಿ ಒಂದು ಪ್ರತಿ ಇಡುವುದಾದರೆ ಅಲ್ಲಿನ ಅದಿರಿನ ಕೆಂಪುಧೂಳನ್ನು ನೆನಪಿಡಬೇಕು. ಬಟ್ಟೆಯ ಮೇಲೆ, ಎಲೆಯ ಮೇಲೆ ಕೂರುವ ಆ ಧೂಳು ಯಂತ್ರದ ಫ್ಯಾನಿನ ಒಳಗೂ ಕೂರುತ್ತದೆ. ಅಲ್ಲಿಗೆ ಫ್ಯಾನಿಲ್ಲದ ಯಂತ್ರವೇ ಯೋಗ್ಯ. ಇನ್ನು ಹಂಪಿಯ ಕಡೆಯವರಿಗೆ ಕೋತಿಗಳ ವಿಷಯ ನಾವು ಹೇಳುವುದೇ? ಕಾಶಿಯಲ್ಲಿ ಗಂಗಾತೀರದ ಫೈಬರ್ ತಂತಿಗಳನ್ನು ಕೋತಿಗಳು ಕಡಿದು ತಿನ್ನುತ್ತಿವೆಯೆಂದು 2015ರಲ್ಲಿ ದೇಶವಿದೇಶದ ಪತ್ರಿಕೆಗಳಲ್ಲಿ ಬಂದಿತ್ತು. ಮಾಳಿಗೆಯ ಮೇಲೆ ಜೋತುಬಿದ್ದ ತಂತಿಯನ್ನು ಕೊಳವೆಯಲ್ಲಿ ಹಾಕಿಸುವುದಕ್ಕೆ ಹೆಚ್ಚು ಖರ್ಚಿಲ್ಲ.

ಇಷ್ಟೆಲ್ಲ ವಿಚಾರಿಸಿದ ಮೇಲೆ ನಮ್ಮ ಅಭಿಪ್ರಾಯವನ್ನು ಹೇಳಬಹುದು. ಮನೆಯ ಸರ್ವರ್ ಬಂಧುವರ್ಗಕ್ಕೆ ಇರಲಿ, ಜಗತ್ತಿಗೆ ಬೇಡ. ಮೂರು ಮನೆ, ಆರು ಮನೆ, ಹತ್ತು ಮನೆಗೆ ಬಡಿಸುವ ಶಕ್ತಿ ಆ ತಂತಿಗೂ ಆ ಯಂತ್ರಕ್ಕೂ ಚೆನ್ನಾಗಿಯೇ ಇದೆ. ಊರಿಗೆಲ್ಲ ಬಡಿಸಲು ಹೊರಟರೆ ಮೇಲೆ ಹೇಳಿದ ಲೆಕ್ಕವೂ ಒಪ್ಪದು, ಕಾವಲೂ ಸಾಲದು. ನಾಡಿಗೆ ಸಲ್ಲಬೇಕಾದ ಕಡತಗಳನ್ನು ಅದಕ್ಕೆಂದೇ ಇರುವ ಸಂಸ್ಥೆಗಳಿಗೆ ಒಪ್ಪಿಸಬೇಕು. ಹೊಸಪೇಟೆಗೆ ಕೂಗಳತೆಯಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯವಿದೆ. 1991ರಲ್ಲಿ ಸ್ಥಾಪನೆಯಾದ ಅದರಲ್ಲಿ ಹಸ್ತಪ್ರತಿಗಳಿಗೆಂದೇ ವಿಭಾಗವಿದೆ. ತಂದೆಯವರ ನೋಟುಪುಸ್ತಕಗಳಲ್ಲಿ ಎಲ್ಲಿಯೂ ಅಚ್ಚಾಗದ ಪದಗಳಿದ್ದರೆ ಅಲ್ಲಿನ ವಿದ್ವಾಂಸರಿಗೆ ಒಮ್ಮೆ ತೋರಿಸಿರಿ. ಮೂಲಪ್ರತಿಯ ಸ್ಕ್ಯಾನ್ ಮಾತ್ರ, ಒಂದಕ್ಷರವೂ ಮಸುಕಾಗದಂತೆ, ಮನೆಯಲ್ಲಿಯೇ ಇರಲಿ. ವಾಟ್ಸಪ್ಪಿನಲ್ಲಿ ಚಿತ್ರವಾಗಿ ಕಳಿಸಿದ ಪ್ರತಿ ಪ್ರತಿಯಲ್ಲ. ಅದು ಚಿತ್ರವನ್ನು ಕುಗ್ಗಿಸಿ ಕಳಿಸುತ್ತದೆ, ಒತ್ತಕ್ಷರದ ಬಾಲ, ದೀರ್ಘದ ಕೊಂಬು ಮೊದಲು ಅಳಿಯುತ್ತವೆ.

ಮೂರು ಊರುಗಳ ಈ ಬಂಧುತ್ವ ಇಲ್ಲಿ ದೊಡ್ಡ ಭಾಗ್ಯ. ಹೊಸಪೇಟೆಯಿಂದ ಸಂಡೂರಿಗೂ ಕಂಪ್ಲಿಗೂ ಸುಮಾರು 30 ಕಿಲೋಮೀಟರು. ಮೂರೂ ಮನೆಗಳಲ್ಲಿ ಒಂದೊಂದು ಸಣ್ಣ ಯಂತ್ರವಿಟ್ಟು, ಸಿಂಕ್‌ಥಿಂಗಿನಂಥ ತಂತ್ರಾಂಶದಿಂದ ಜೋಡಿಸಿದರೆ, ಹೊಸಪೇಟೆಯಲ್ಲಿ ಸೇರಿಸಿದ ಹೊಸ ಹಾಡು ರಾತ್ರಿ ಬೆಳಗಾಗುವುದರೊಳಗೆ ಉಳಿದೆರಡು ಮನೆಗಳಲ್ಲಿ ಇರುತ್ತದೆ. ಮೊದಲ ಬಾರಿ 40 ಜಿಬಿಯನ್ನು ತಂತಿಯಲ್ಲಿ ಕಳಿಸಬೇಕಾದುದೂ ಇಲ್ಲ. ಮಗಳು ಹಬ್ಬಕ್ಕೆ ತವರಿಗೆ ಬಂದಾಗ ಹಾರ್ಡ್ ಡಿಸ್ಕನ್ನು ಕೈಯಲ್ಲಿ ಒಯ್ಯಲಿ. ಕಂಪ್ಲಿಯವರು ಯಂತ್ರವನ್ನು ಕೆಳಗಿನ ಕೋಣೆಯಲ್ಲಿಡದಿರಲಿ. ಜಲಾಶಯದಿಂದ ಹೊಳೆಗೆ ಹೆಚ್ಚು ನೀರು ಬಿಟ್ಟಾಗ ಅಲ್ಲಿನ ಸೇತುವೆ ಮುಳುಗಿ ಗಂಗಾವತಿಯ ದಾರಿ ಕಡಿಯುವುದನ್ನೂ, ಕೋಟೆಯ ಕಡೆ ನೀರು ನುಗ್ಗುವುದನ್ನೂ ಕಂಡವರೇ ಅವರು. 2024ರ ಆಗಸ್ಟ್ 10ರ ರಾತ್ರಿ ಒಂದು ಸರಪಳಿ ತುಂಡಾಗಿ ತುಂಗಭದ್ರೆಯ 19ನೇ ಗೇಟು ಕೊಚ್ಚಿಹೋದಾಗ ನದೀತೀರದವರು ನಿದ್ದೆಗೆಟ್ಟದ್ದು ಇನ್ನೂ ಮರೆತಿಲ್ಲ. ಮೂರು ಊರು ದೂರವಿದ್ದರೂ ಒಂದೇ ಹೊಳೆಯ, ಒಂದೇ ಬೆಟ್ಟಸಾಲಿನ ಊರುಗಳಾದುದರಿಂದ, ಮೊಮ್ಮಗಳ ಬಳಿಯಲ್ಲಿಯೂ ನಾಲ್ಕನೆಯ ಪ್ರತಿ ಒಂದಿರಲಿ.

ಒಂದು ಸೂಕ್ಷ್ಮವನ್ನು ಮಗನಿಗೆ ಒತ್ತಿ ಹೇಳಬೇಕಾಗಿದೆ. ಈ ಜೋಡಣೆಯಲ್ಲಿ ಸೇರಿಸಿದ್ದು ಎಲ್ಲೆಡೆ ಸೇರುವಂತೆ, ಅಳಿಸಿದ್ದೂ ಎಲ್ಲೆಡೆ ಅಳಿಯುತ್ತದೆ. ಆಡುವ ಮಗುವಿನ ಒಂದು ಬೆರಳು ಹೊಸಪೇಟೆಯಲ್ಲಿ ಕಡತವನ್ನು ಅಳಿಸಿದರೆ ಸಂಡೂರು, ಕಂಪ್ಲಿಗಳಲ್ಲಿಯೂ ಅದು ಮಾಯ. ಹಳೆಯ ಆವೃತ್ತಿಗಳನ್ನು ತೆಗೆದಿಡುವ ಏರ್ಪಾಟು ಆ ತಂತ್ರಾಂಶದಲ್ಲಿಯೇ ಇದೆ. ಅದನ್ನು ಮೊದಲ ದಿನವೇ ಚಾಲೂ ಮಾಡಬೇಕು. ಅದರ ಮೇಲೂ, ಯಾವ ತಂತಿಗೂ ಜೋಡಿಸದ ಒಂದು ಡಿಸ್ಕು ತಿಜೋರಿಯಲ್ಲಿರಲಿ. ತಿಂಗಳಿಗೊಮ್ಮೆ, ಅಮಾವಾಸ್ಯೆಯೋ ಸೋಮವಾರವೋ ನೆನಪಿರುವ ಒಂದು ದಿನ, ಅದನ್ನು ತೆಗೆದು ಹೊಸದನ್ನು ನಕಲು ಮಾಡಿ ಮತ್ತೆ ಒಳಗಿಡಲಿ.

ಏನನ್ನು ಇಡಬಾರದು ಎಂಬ ಬಗ್ಗೆಯೂ ಎರಡು ಮಾತು. ಆಧಾರ್, ಪಹಣಿ, ಬ್ಯಾಂಕಿನ ಪುಸ್ತಕಗಳ ಚಿತ್ರಗಳನ್ನು ಹಂಚುವ ಯಂತ್ರದಲ್ಲಿ ಇಡಕೂಡದು. ನಮ್ಮ ಸಮಾಜದ ಕೆಲವು ಉತ್ಸಾಹಿಗಳು ವಧೂವರರ ಮಾಹಿತಿಯನ್ನು ಜನ್ಮದಿನಾಂಕ, ದೂರವಾಣಿ, ಭಾವಚಿತ್ರ ಸಹಿತ ಹೀಗೆ ಮನೆಯಿಂದಲೇ ಹಂಚಬೇಕೆಂದು ಯೋಚಿಸುತ್ತಿರುವುದು ನಮ್ಮ ಕಿವಿಗೆ ಬಿದ್ದಿದೆ. ಇದು ಸರ್ವಥಾ ಕೂಡದು. ಹೆಣ್ಣುಮಕ್ಕಳ ವಿವರ ಒಮ್ಮೆ ಅಪರಿಚಿತರ ಕೈ ಸೇರಿದರೆ ಮರಳಿ ತರುವ ಶಕ್ತಿ ಯಾರಿಗೂ ಇಲ್ಲ. 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯಿದೆ ಇರಲಿ ಬಿಡಲಿ, ಇದು ಮನೆತನದ ಮರ್ಯಾದೆಯ ಪ್ರಶ್ನೆ.

ಹಕ್ಕುಸ್ವಾಮ್ಯವನ್ನೂ ಮರೆಯಬಾರದು. 1957ರ ಕಾಯಿದೆಯಂತೆ ಗ್ರಂಥಕರ್ತರು ಜೀವಿಸಿರುವಾಗ ಪ್ರಕಟವಾದ ಕೃತಿಯ ಹಕ್ಕು ಅವರ ಆಯುಷ್ಯವನ್ನೂ, ತದನಂತರದ 60 ವರ್ಷಗಳನ್ನೂ ವ್ಯಾಪಿಸಿರುತ್ತದೆ. ಆ 60 ವರ್ಷಗಳನ್ನು ಮರುವರ್ಷದ ಆರಂಭದಿಂದ ಎಣಿಸುತ್ತಾರೆ. ಪೂಜ್ಯ ಹಳಕಟ್ಟಿಯವರು 1964ರಲ್ಲಿ ಲಿಂಗೈಕ್ಯರಾದರು. ಆ ಎಣಿಕೆಯಂತೆ ಅವರು ಬಾಳಿರುವಾಗ ಪ್ರಕಟಿಸಿದ ಸ್ವಂತ ಬರಹಗಳು 2025ರ ಜನವರಿ 1ರಿಂದ ಎಲ್ಲರ ಸೊತ್ತು. ಮನೆಯಲ್ಲಿ ಹಳೆಯ ‘ಶಿವಾನುಭವ’ ಸಂಚಿಕೆಗಳಿರುವವರು ಅವರ ಲೇಖನಗಳನ್ನು ನಿರ್ಭಯವಾಗಿ ಸ್ಕ್ಯಾನ್ ಮಾಡಿ ಹಂಚಬಹುದು. ಅದೇ ಸಂಚಿಕೆಯ ಇತರ ಲೇಖಕರ ವಿಷಯದಲ್ಲಿ ಅವರವರ ಕಾಲವನ್ನು ನೋಡಬೇಕು. ಅಂಗಡಿಯಲ್ಲಿ ಕೊಂಡ ಭಕ್ತಿಗೀತೆಗಳ ಕ್ಯಾಸೆಟ್ಟು ಈ ಲೆಕ್ಕಕ್ಕೆ ಬರುವುದಿಲ್ಲ. ತಾಯಿಯವರು ತಾವೇ ಹಾಡಿದ ಸೋಬಾನೆಗೆ ಯಾರ ಅಪ್ಪಣೆಯೂ ಬೇಡ, ತಾಯಿಯವರದೊಂದು ಹೊರತು. ಅವರನ್ನು ಕೇಳಿದ್ದೀರಾ ಎಂದು ಪತ್ರದಲ್ಲಿ ಇಲ್ಲ.

ಕೊನೆಯದಾಗಿ, ಪತ್ರದಲ್ಲಿ ಇಲ್ಲದ ಇನ್ನೊಂದು ವಿಷಯವನ್ನು ನಾವೇ ಎತ್ತುತ್ತೇವೆ. ಮಗ ಇಂಜಿನಿಯರಿಂಗ್ ಮುಗಿಸಿದವನು. ಇಂದಲ್ಲ ನಾಳೆ ಬೆಂಗಳೂರಿಗೋ ಪುಣೆಗೋ ಉದ್ಯೋಗಕ್ಕೆ ಹೋಗುತ್ತಾನೆ, ಹೋಗಲೂಬೇಕು. ಆಗ ಗೂಡಿನಲ್ಲಿರುವ ಯಂತ್ರದ ಹಸಿರು ದೀಪ ಆರಿದರೆ ನೋಡುವವರು ಯಾರು? ಟ್ರಂಕಿನಲ್ಲಿದ್ದ ನೋಟುಪುಸ್ತಕವನ್ನು ಯಾರು ಬೇಕಾದರೂ ತೆರೆಯಬಹುದಿತ್ತು, ಪಾಸ್‌ವರ್ಡಿನ ಹಿಂದಿರುವುದನ್ನು ಹಾಗೆ ತೆರೆಯಲಾಗದು. ಮನೆಯಲ್ಲಿ ನಿತ್ಯ ಇರುವವರು ಯಾರೋ, ಬಹುಮಟ್ಟಿಗೆ ಮನೆಯೊಡತಿಯೋ ಸೊಸೆಯೋ, ಅವರಿಗೆ ಈ ಯಂತ್ರವನ್ನು ನಿಲ್ಲಿಸುವುದು, ಮತ್ತೆ ಚಾಲೂ ಮಾಡುವುದು, ತಿಜೋರಿಯ ಡಿಸ್ಕಿಗೆ ನಕಲು ಮಾಡುವುದು ಇವಿಷ್ಟನ್ನು ಮಗ ಹೊರಡುವ ಮೊದಲು ಕಲಿಸಬೇಕು. ಕಲಿಸಿದ್ದನ್ನು ಅವರು ತಾವೊಬ್ಬರೇ ಮಾಡಿ ತೋರಿಸಬೇಕು, ಮಗ ಪಕ್ಕದಲ್ಲಿ ಸುಮ್ಮನೆ ಕುಳಿತಿರಬೇಕು. ಪಾಸ್‌ವರ್ಡು, ಕಂಪನಿಯ ಗ್ರಾಹಕ ಸಂಖ್ಯೆ, ಯಾವ ಡಿಸ್ಕಿನಲ್ಲಿ ಏನಿದೆ, ಸಂಡೂರಿನಲ್ಲಿ ಯಾರನ್ನು ಕೇಳಬೇಕು ಎಂಬಿಷ್ಟನ್ನು ಶುದ್ಧ ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಬರೆದು, ಲಕೋಟೆಯಲ್ಲಿ ಹಾಕಿ, ಮನೆಯ ದಸ್ತಾವೇಜುಗಳ ಜೊತೆಗೆ ಇಡಬೇಕು.

ಉಳಿದಿರುವ ಏಳು ಕ್ಯಾಸೆಟ್ಟುಗಳ ಕೆಲಸ ಇದೆಲ್ಲಕ್ಕಿಂತ ಜರೂರಿನದು. ಸರ್ವರ್ ಮುಂದಿನ ವರ್ಷವೂ ಸಿದ್ಧವಾದೀತು, ಟೇಪು ಅಲ್ಲಿಯವರೆಗೆ ಕಾಯದು. ಬೂಷ್ಟು ಹಿಡಿದ ಟೇಪನ್ನು ಹೇಗೆ ಬಿಚ್ಚಬೇಕು, ಯಾವ ಬಗೆಯ ಪ್ಲೇಯರಿನಿಂದ ಗಣಕಯಂತ್ರಕ್ಕೆ ಇಳಿಸಬೇಕು ಎಂಬುದನ್ನು ಬಲ್ಲವರಿಂದ ತಿಳಿದು ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇವೆ. ಅಲ್ಲಿಯವರೆಗೆ ಅವುಗಳನ್ನು ಬಿಸಿಲಿಗೆ ಹಾಕಬೇಡಿರಿ, ಸ್ಪೀಕರಿನ ಹತ್ತಿರ ಇಡಬೇಡಿರಿ, ಮತ್ತು ಹಾಳಾಗಿದೆಯೇ ಎಂದು ಪರೀಕ್ಷಿಸಲು ಹಳೆಯ ಟೇಪ್‌ರೆಕಾರ್ಡರಿನಲ್ಲಿ ತುರುಕಿ ನೋಡಬೇಡಿರಿ.